ಅಜ್ಜಿಯೂ ಹೌದು, ಸೋದರತ್ತೆಯೂ ಹೌದು: ಡಿಎನ್‌ಎ ಹಿಡಿದು ವಂಶ ಹುಡುಕುವವರಿಗೆ ಕೆಲವು ಪಾಠಗಳು

ಡಿಎನ್‌ಎ ವರದಿ ಹಿಡಿದುಕೊಂಡು ಬರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇವರು ನಮಗೇನಾಗಬೇಕು?" ಪರದೆಯ ಮೇಲೆ ಯಾರದೋ ಹೆಸರು, ಪಕ್ಕದಲ್ಲೊಂದು ಸಂಖ್ಯೆ, ಕೆಳಗೆ ‘ಸೆಕೆಂಡ್ ಕಸಿನ್ ಇರಬಹುದು’ ಎಂಬ ಕಂಪನಿಯ ಊಹೆ. ಧಾರವಾಡ, ಶಿವಮೊಗ್ಗ, ಮಂಗಳೂರು ಕಡೆಯ ಮನೆಗಳಿಗೂ, ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಅವರ ನೆಂಟರಿಗೂ ಈ ವರದಿಗಳನ್ನು ಓದಿ ಹೇಳುವುದು ಬಹಳ ಕಾಲದಿಂದ ನಾನು ಮಾಡಿಕೊಂಡು ಬಂದ ಕೆಲಸ. ಆ ಊಹೆಯ ಹಿಂದಿರುವ ಲೆಕ್ಕ ತಯಾರಾದದ್ದು ಬಹುಪಾಲು ಯುರೋಪ್ ಮೂಲದ ಕುಟುಂಬಗಳನ್ನು ನೋಡಿ. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಮನೆಗಳಿಗೆ ಅದೇ ಲೆಕ್ಕ ಹಚ್ಚಿದರೆ ಸಂಬಂಧಗಳು ತಲೆಕೆಳಗಾಗುತ್ತವೆ. ಕೆಳಗಿನ ಪಾಠಗಳಲ್ಲಿ ಹೆಚ್ಚಿನವು ಆ ಗೋಜಲನ್ನು ಬಿಡಿಸುತ್ತ ಕಲಿತವು.

1. ಹಿರಿಯರ ಪರೀಕ್ಷೆ ಮೊದಲು ಆಗಲಿ

ಕಿಟ್ ತರಿಸುವವರು ಸಾಮಾನ್ಯವಾಗಿ ಮನೆಯ ಮೊಮ್ಮಕ್ಕಳು. ತರಿಸಿದವರೇ ಪರೀಕ್ಷೆ ಮಾಡಿಸಿಕೊಂಡು ಮುಗಿಸುತ್ತಾರೆ. ಆದರೆ ಅಜ್ಜನ ಡಿಎನ್‌ಎಯಲ್ಲಿ ಮೊಮ್ಮಗನಿಗೆ ಬರುವುದು ಸುಮಾರು ಕಾಲು ಭಾಗ, ಮರಿಮಗನಿಗೆ ಎಂಟರಲ್ಲೊಂದು ಪಾಲು. ಉಳಿದದ್ದು ಆ ಕವಲಿನಲ್ಲಿ ಕಳೆದೇ ಹೋಯಿತು. ಮುತ್ತಜ್ಜಂದಿರು ಅಣ್ಣತಮ್ಮಂದಿರಾಗಿದ್ದ ಇಬ್ಬರನ್ನು ತೆಗೆದುಕೊಳ್ಳಿ. ಅಂಥ ಹತ್ತು ಜೋಡಿಗಳಲ್ಲಿ ಸುಮಾರು ಒಂದು ಜೋಡಿಗೆ ಪರೀಕ್ಷೆ ಗುರುತಿಸಬಲ್ಲ ಹಂಚಿಕೆಯೇ ಇರುವುದಿಲ್ಲ. ಇನ್ನೊಂದು ತಲೆಮಾರು ಹಿಂದೆ ಹೋದರೆ ಅರ್ಧದಷ್ಟು ಜೋಡಿಗಳು ಕೈಬಿಡುತ್ತವೆ. ಅವರು ನೆಂಟರೇ, ವರದಿಯಲ್ಲಿ ಮಾತ್ರ ಕಾಣುವುದಿಲ್ಲ. ಎಂಬತ್ತು ದಾಟಿದ ದೊಡ್ಡಮ್ಮ ಮನೆಯಲ್ಲಿದ್ದರೆ ಮೊಮ್ಮಕ್ಕಳ ನಾಲ್ಕು ಕಿಟ್‌ಗಿಂತ ಅವರದೊಂದು ಹೆಚ್ಚು ಬೆಲೆಯದು.

ವಯಸ್ಸಾದವರಿಂದ ಮಾದರಿ ತೆಗೆಯುವುದಕ್ಕೆ ತಾಳ್ಮೆ ಬೇಕು. ಎಲೆಅಡಿಕೆ ಹಾಕುವವರಾದರೆ ಬಾಯಿ ಚೆನ್ನಾಗಿ ಮುಕ್ಕಳಿಸಿಸಿ, ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ ಕೂರಿಸಬೇಕು. ಸಕ್ಕರೆ ಕಾಯಿಲೆಯವರಿಗೆ, ಬಿಪಿ ಮಾತ್ರೆ ನುಂಗುವವರಿಗೆ ಬಾಯಿ ಒಣಗಿರುತ್ತದೆ. ಕೊಳವೆಯ ಗೆರೆ ಮುಟ್ಟುವಷ್ಟು ಉಗುಳು ತುಂಬಿಸುವುದು ಅವರಿಗೆ ಹಿಂಸೆ. ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಸವರುವ ಕಿಟ್ ಅಂಥವರಿಗೆ ಸರಿ.

2. ಸಂಖ್ಯೆ ಒಂದೇ, ಸಂಬಂಧ ಹಲವು

ಹಂಚಿಕೊಂಡ ಡಿಎನ್‌ಎಯನ್ನು ಅಳೆಯುವುದು ಸೆಂಟಿಮಾರ್ಗನ್ ಎಂಬ ಮಾನದಲ್ಲಿ. ತಾಯಿ-ಮಗುವಿನ ನಡುವೆ ಅದು ಸುಮಾರು 3,400ರಿಂದ 3,500. ಒಡಹುಟ್ಟಿದವರ ನಡುವೆ, ಬಹುಪಾಲು ಕಂಪನಿಗಳ ಎಣಿಕೆಯಲ್ಲಿ, 2,600ರ ಆಸುಪಾಸು. ಅದರಾಚೆಗೆ ಬಹಳ ಜನ ನೆಚ್ಚಿಕೊಂಡಿರುವುದು ಬ್ಲೇನ್ ಬೆಟ್ಟಿಂಜರ್ ಎಂಬ ಅಮೆರಿಕನ್ ವಂಶಶೋಧಕರು ಸಾರ್ವಜನಿಕರಿಂದ ಸಂಗ್ರಹಿಸಿ ಮಾಡಿದ ಪಟ್ಟಿಯನ್ನು. 2020ರ ಆವೃತ್ತಿಯ ಪ್ರಕಾರ ಅಣ್ಣತಮ್ಮಂದಿರ ಮಕ್ಕಳ ನಡುವೆ ಸರಾಸರಿ 866, ಅವರ ಮಕ್ಕಳ ನಡುವೆ 229, ಅವರ ಮಕ್ಕಳ ನಡುವೆ 73. ಜನ ಈ ಸರಾಸರಿಯನ್ನು ಮಾತ್ರ ನೋಡುತ್ತಾರೆ. ಪಕ್ಕದಲ್ಲೇ ಇರುವ ಅಂತರವನ್ನು ನೋಡುವುದಿಲ್ಲ: 229 ಎಂದು ಬರೆದ ಸಾಲಿನಲ್ಲಿ 41ರಿಂದ 592ರವರೆಗೂ ಸಿಕ್ಕಿದೆ.

ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ನ್ಯೂಜೆರ್ಸಿಯಲ್ಲಿದ್ದಾರೆ. ಹುಬ್ಬಳ್ಳಿಯ ಒಬ್ಬರ ಜತೆ ಅವರಿಗೆ ಸುಮಾರು 440 ಸೆಂಟಿಮಾರ್ಗನ್ ಹೊಂದಿಕೆ ಬಂತು. ಇಬ್ಬರ ಅಜ್ಜಿಯರೂ ಸವಣೂರಿನ ಒಂದೇ ಮನೆಯ ಅಕ್ಕತಂಗಿಯರೆಂದು ಮನೆಯವರಿಗೆಲ್ಲ ಗೊತ್ತಿತ್ತು. ಹಾಗಾದರೆ 229ರ ಸುತ್ತಮುತ್ತ ಬರಬೇಕಿತ್ತು. 440 ಆ ಸಾಲಿನ ಅಂತರದ ಒಳಗೇ ಇದೆ, ಆದ್ದರಿಂದ ಸಂಖ್ಯೆಯೊಂದನ್ನೇ ಹಿಡಿದು ಬೇರೆ ಸಂಬಂಧವಿದೆ ಎನ್ನುವಂತಿಲ್ಲ. ನನಗೆ ಅನುಮಾನ ಬಂದದ್ದು ಬೇರೆ ಕಡೆಯಿಂದ. ಇಬ್ಬರಿಗೂ ಹೊಂದುವ ಮೂರನೆಯವರ ಪಟ್ಟಿಯಲ್ಲಿ ಸವಣೂರು ಕಡೆಯವರಲ್ಲದ, ಈಕೆಯ ಅಜ್ಜನ ಊರಿನ ಜನರೂ ಇದ್ದರು. ಈಕೆಯ ಅಣ್ಣ ಮತ್ತು ಹುಬ್ಬಳ್ಳಿಯವರು ಇಬ್ಬರಿಗೂ, ತಂದೆಯಿಂದ ಮಗನಿಗೆ ಸಾಗುವ ವೈ ವರ್ಣತಂತುವಿನ ಪರೀಕ್ಷೆ ಮಾಡಿಸಿದೆವು. ಹೊಂದಿತು. ಎಂದರೆ ಇಬ್ಬರ ಅಜ್ಜಂದಿರೂ ಒಂದೇ ಗಂಡುಸಂತಾನದವರು. ಆದರೆ ಅಡ್ಡಹೆಸರು ಬೇರೆ, ಊರು ಬೇರೆ.

ಬಿಡಿಸಿಕೊಟ್ಟದ್ದು ಒಂದು ಮುಯ್ಯಿ ಪುಸ್ತಕ. ಮದುವೆಗೆ ಯಾರು ಏನು ಮುಯ್ಯಿ ಮಾಡಿದರೆಂದು ಬರೆದಿಡುವ, ಉದ್ದಕ್ಕೆ ಮಡಿಚಿದ ಲೆಕ್ಕದ ವಹಿ. ಬಣ್ಣ ಮಾಸಿದ ಶಾಯಿಯಲ್ಲಿ ಊರು, ಹೆಸರು, ವಸ್ತು ಎಂದು ಮೂರು ಸಾಲು. ಈಕೆಯ ತಂದೆಯ ಮದುವೆಯ ಪುಟದಲ್ಲಿ ರಾಣೆಬೆನ್ನೂರಿನವರ ಹೆಸರಿನ ಮುಂದೆ ‘ಅಣ್ಣ, ದತ್ತು ಹೋದವರು’ ಎಂದೂ, ‘ಧೋತರ ಜೋಡಿ, ಕುಬಸ 1’ ಎಂದೂ ಬರೆದಿತ್ತು. ಈಕೆಯ ಅಜ್ಜನ ಅಣ್ಣ, ಎಂದರೆ ಹುಬ್ಬಳ್ಳಿಯವರ ಅಜ್ಜ, ಚಿಕ್ಕಂದಿನಲ್ಲೇ ದತ್ತು ಹೋಗಿ ಆ ಮನೆಯ ಅಡ್ಡಹೆಸರು ಪಡೆದಿದ್ದರು. ಮುಂದೆ ಇಬ್ಬರಿಗೂ ಒಂದೇ ಮನೆಯ ಅಕ್ಕತಂಗಿಯರನ್ನು ತಂದರು. ಮೊಮ್ಮಕ್ಕಳ ಕಾಲಕ್ಕೆ ಅಜ್ಜಿಯರ ಸಂಬಂಧ ನೆನಪಿನಲ್ಲಿ ಉಳಿದು, ಅಜ್ಜಂದಿರದು ಮರೆಯಾಗಿತ್ತು.

ಎರಡು ದಾರಿಯ ಸಂಬಂಧವಿರುವಲ್ಲಿ ಒಟ್ಟು ಮೊತ್ತದ ಜತೆಗೆ ತುಣುಕುಗಳ ಎಣಿಕೆ, ಅತಿ ಉದ್ದದ ತುಣುಕಿನ ಅಳತೆ ಎರಡನ್ನೂ ಬರೆದುಕೊಳ್ಳಬೇಕು. ಮೊತ್ತ ಅಷ್ಟೇ ಇದ್ದು ತುಣುಕುಗಳು ಹೆಚ್ಚಾಗಿ, ಚಿಕ್ಕವಾಗಿ ಇದ್ದರೆ ಕಂಪನಿ ಹೇಳಿದ್ದಕ್ಕಿಂತ ಸಂಬಂಧ ಹಿಂದಿನದು, ಮತ್ತು ಒಂದಕ್ಕಿಂತ ಹೆಚ್ಚು ದಾರಿಯದು ಎಂದು ಗುಮಾನಿ ಪಡಬೇಕು.

3. ಮದುವೆ ಒಳಗೊಳಗೇ ಆಗಿದೆಯೇ ಎಂದು ಮೊದಲೇ ಕೇಳಿ

1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳಲ್ಲಿ ಮೂರರಲ್ಲೊಂದು ಪಾಲು ದಂಪತಿಗಳು ರಕ್ತಸಂಬಂಧಿಗಳೇ ಆಗಿದ್ದರು. ಸೋದರಮಾವ-ಅಕ್ಕನ ಮಗಳ ಮದುವೆಯ ಪಾಲು ಅದರಲ್ಲಿ ದೊಡ್ಡದು. ಆ ಮದುವೆಯ ಮಗುವಿಗೆ ತಾಯಿಯ ತಾಯಿ ಅಜ್ಜಿಯೂ ಹೌದು, ತಂದೆಯ ಅಕ್ಕನಾದ್ದರಿಂದ ಸೋದರತ್ತೆಯೂ ಹೌದು. ಅಜ್ಜಿಯಾಗಿ ತಾಯಿಯ ಕಡೆಯಿಂದ ಕಾಲು, ಅತ್ತೆಯಾಗಿ ತಂದೆಯ ಕಡೆಯಿಂದ ಇನ್ನೊಂದು ಕಾಲು. ಎರಡೂ ಕೂಡಿದರೆ ಒಡಹುಟ್ಟಿದವರ ಪ್ರಮಾಣ. ಯಂತ್ರಕ್ಕೆ ಇದೊಂದೂ ಗೊತ್ತಿಲ್ಲ. ಅಜ್ಜಿ-ಮೊಮ್ಮಗಳನ್ನು ಅಕ್ಕತಂಗಿಯರೆಂದು ಅದು ಬರೆದರೆ ವರದಿ ಕೆಟ್ಟಿದೆಯೆಂದಾಗಲಿ ಮನೆಯಲ್ಲಿ ಏನೋ ಗುಟ್ಟಿದೆಯೆಂದಾಗಲಿ ತಿಳಿಯಬೇಕಾಗಿಲ್ಲ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ ಒಂದೇ ಆಗಿರುವ ಉದ್ದನೆಯ ಭಾಗಗಳನ್ನು ತೋರಿಸುವ ಉಪಕರಣಗಳಿವೆ. ‘ನಿಮ್ಮ ತಂದೆತಾಯಿ ಸಂಬಂಧಿಗಳೇ’ ಎಂದೇ ಅವು ಕೇಳುತ್ತವೆ. ಸೋದರತ್ತೆಯ ಮಗನನ್ನು ಮದುವೆಯಾದವರ ಮಕ್ಕಳಲ್ಲಿ ಅಂಥ ಭಾಗ ಸರಾಸರಿ ಹದಿನಾರರಲ್ಲೊಂದು, ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಎಂಟರಲ್ಲೊಂದು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಈ ಉತ್ತರ ನೋಡಿ, ಅಲ್ಲಿನ ವಿವರಣೆ ಓದಿ, ತನ್ನ ಹುಟ್ಟಿನ ಹಿಂದೆ ಅಪರಾಧವಿದೆಯೆಂದು ರಾತ್ರಿಯೆಲ್ಲ ಅತ್ತಿದ್ದಳು. ಅವಳ ಅಪ್ಪ-ಅಮ್ಮನ ಮದುವೆ ಊರವರೆಲ್ಲರ ಎದುರು, ಛತ್ರದಲ್ಲಿ, ಲಗ್ನಪತ್ರಿಕೆ ಹಂಚಿ ಆದದ್ದು. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿಯಿರುವ ಕಡೆ ಇದನ್ನು ಒಪ್ಪುತ್ತದೆ. ಮಗುವಿನ ಕೈಗೆ ವರದಿ ಹೋಗುವ ಮೊದಲೇ ತಂದೆತಾಯಿ ಈ ಮಾತನ್ನು ಹೇಳಿರಬೇಕು. ಮೊದಲ ಭೇಟಿಯಲ್ಲೇ ನಾನಿದನ್ನು ಕೇಳುತ್ತೇನೆ.

4. ನಮ್ಮ ಜಾತಿಯವರೆಲ್ಲ ಹೊಂದುತ್ತಾರೆ ಎಂದು ಹಿಗ್ಗಬೇಡಿ

20 ಸೆಂಟಿಮಾರ್ಗನ್‌ಗಿಂತ ಕಡಿಮೆಯಿರುವ ಹೊಂದಿಕೆಗಳು ಸ್ವಂತ ಸಮುದಾಯದವರ ಜತೆಗಾದರೆ ಅವನ್ನು ಪಕ್ಕಕ್ಕಿಡುವುದು ನನ್ನ ರೂಢಿ. ಹತ್ತಾರು ತಲೆಮಾರು ಒಳಗೊಳಗೇ ಮದುವೆಯಾದ ಗುಂಪಿನಲ್ಲಿ ಹಳೆಯ ಪೂರ್ವಜರ ಪುಟ್ಟ ತುಣುಕುಗಳು ಎಲ್ಲರಲ್ಲೂ ಸುತ್ತಾಡುತ್ತಿರುತ್ತವೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಲ್‌ಜಿ ಸಿಂಗ್, ತಂಗರಾಜ್ ಮೊದಲಾದವರು ಅಮೆರಿಕದ ಡೇವಿಡ್ ರೈಕ್ ತಂಡದೊಡನೆ 2009ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ತೋರಿಸಿತು. 2017ರ ಮುಂದಿನ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದಾಗ, ಅವುಗಳಲ್ಲಿ 81 ಗುಂಪುಗಳ ಪೂರ್ವಜರ ಬಳಗ ಫಿನ್ಲೆಂಡಿನವರದಕ್ಕಿಂತ, ಅಶ್ಕೆನಾಜಿ ಯಹೂದಿಗಳದಕ್ಕಿಂತ ಇಕ್ಕಟ್ಟಾಗಿತ್ತು.

ಇದರಲ್ಲಿ ವೈದ್ಯರಿಗೆ ಉಪಯೋಗವಾಗುವ ಸಂಗತಿಯೂ ಇದೆ. ಆರ್ಯವೈಶ್ಯರಲ್ಲಿ ಕೆಲವರಿಗೆ ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಕೊರತೆಯಿರುತ್ತದೆ. ಶಸ್ತ್ರಚಿಕಿತ್ಸೆಗೆ ಕೊಡುವ, ಸ್ನಾಯುಗಳನ್ನು ಸಡಿಲಿಸುವ ಒಂದು ಔಷಧ ಅವರ ದೇಹದಲ್ಲಿ ಬೇಗ ಕರಗುವುದಿಲ್ಲ. ಉಸಿರಾಟ ಮರಳಲು ಬಹಳ ಹೊತ್ತು ಹಿಡಿಯುತ್ತದೆ. ಅರಿವಳಿಕೆ ತಜ್ಞರು ಸಮುದಾಯ ಕೇಳಿದರೆ ತಪ್ಪು ತಿಳಿಯದೆ ಹೇಳಿಬಿಡಿ.

5. ಗೋತ್ರದ ದಾರಿ ಬೇರೆ, ಬರಿಯ ದಾರಿ ಬೇರೆ

ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬಂದರೂ ಮುಂದಕ್ಕೆ ಸಾಗುವುದು ಹೆಣ್ಣುಮಕ್ಕಳ ಮೂಲಕ. ಗೋತ್ರ, ಬೆಡಗು ಕೇಳುವ ಮನೆಗಳ ಪ್ರಶ್ನೆಗೆ ವೈ ಸರಿ. ತುಳುನಾಡಿನ ಅಳಿಯಸಂತಾನದ ಮನೆಗಳಿಗೆ ಅದು ಉತ್ತರ ಕೊಡುವುದಿಲ್ಲ. ಅಲ್ಲಿ ಗೋತ್ರದಂತೆ ಎಣಿಸುವ ಬರಿ ಬರುವುದು ತಾಯಿಯಿಂದ, ಆಸ್ತಿ ಹೋಗುತ್ತಿದ್ದದ್ದು ಅಳಿಯನಿಗೆ, ಕುಟುಂಬದ ಕವಲುಗಳಾದ ಕವರುಗಳು ಒಡೆಯುವುದು ಅಕ್ಕತಂಗಿಯರ ಹೆಸರಿನಲ್ಲಿ. ಮಂಗಳೂರಿನ ಬಂಟ ಕುಟುಂಬದ ತರುಣರೊಬ್ಬರು ದುಬಾರಿ ವೈ ಪರೀಕ್ಷೆ ಮಾಡಿಸಿ ತಮ್ಮ ಕುಟುಂಬದ ಮೂಲಮನೆಯ ಬಗ್ಗೆ ಏನೂ ಸಿಗಲಿಲ್ಲವೆಂದು ಬೇಸರಪಟ್ಟರು. ಅವರು ಹುಡುಕಿದ್ದು ತಂದೆಯ ಸಾಲನ್ನು, ಮೂಲಮನೆ ಇದ್ದದ್ದು ತಾಯಿಯ ಸಾಲಿನಲ್ಲಿ. ಮೂರನೆಯ ಪಾಠದ ಲೆಕ್ಕವೂ ಅಲ್ಲಿಗೆ ಹಾಗೇ ಹೊಂದುವುದಿಲ್ಲ. ಅಕ್ಕನ ಮಗಳು ಮಾವನ ಬರಿಯವಳೇ ಆದ್ದರಿಂದ ಆ ಮದುವೆ ಅಲ್ಲಿ ನಿಷಿದ್ಧ. ಘಟ್ಟದ ಮೇಲೆ ಅದೇ ಹುಡುಗಿ ತನ್ನ ತಂದೆಯ ಗೋತ್ರದವಳು, ಮಾವನಿಗೆ ಆಗುತ್ತಾಳೆ. ಕಂಪನಿಯ ವರದಿ ಇಬ್ಬರಿಗೂ ಒಂದೇ ಭಾಷೆಯಲ್ಲಿ ಬರುತ್ತದೆ, ಓದುವ ಕ್ರಮ ಮಾತ್ರ ಬೇರೆಯಾಗಬೇಕು.

ತಾಯಿಯ ಸಾಲು ಏನು ಹೇಳಬಲ್ಲದು ಎಂಬುದಕ್ಕೆ ನಾನು ಎಲ್ಲರಿಗೂ ಹೇಳುವ ಉದಾಹರಣೆ ಸೂರತ್ತಿನ ಎಲಿಜಾ ಕೆವಾರ್ಕ್ ಅವರದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸ್ಕಾಟಿಷ್ ವರ್ತಕ ಥಿಯೊಡೋರ್ ಫೋರ್ಬ್ಸ್‌ನ ಜತೆ ಬಾಳಿದ ಹೆಣ್ಣು. ಮಗಳು ಕ್ಯಾಥರಿನ್‌ಳನ್ನು ಸ್ಕಾಟ್ಲೆಂಡಿಗೆ ಕಳುಹಿಸಿದರು, ತಾಯಿ ಇಲ್ಲೇ ಉಳಿದಳು. ಅಲ್ಲಿನ ವಂಶವೃಕ್ಷದಲ್ಲಿ ಎಲಿಜಾ ಅರ್ಮೇನಿಯದವಳು ಎಂದು ಬರೆದುಕೊಂಡರು. ಕ್ಯಾಥರಿನ್‌ಳ ಹೆಣ್ಣುಸಂತತಿಯಲ್ಲಿ ಮುಂದೆ ಹುಟ್ಟಿದವರು ರಾಜಕುಮಾರಿ ಡಯಾನಾ. 2013ರಲ್ಲಿ ಡಯಾನಾರ ತಾಯಿಕಡೆಯ ಇಬ್ಬರು ಸಂಬಂಧಿಗಳ ಪರೀಕ್ಷೆಯಾಗಿ ಆರ್30ಬಿ ಎಂಬ ಮೈಟೊಕಾಂಡ್ರಿಯ ಗುಂಪು ಸಿಕ್ಕಿತು. ಅದು ಕಾಣುವುದು ಹೆಚ್ಚುಕಡಿಮೆ ಭಾರತ ಉಪಖಂಡದಲ್ಲೇ. ಎಲಿಜಾಳ ತಾಯಿಯ ಸಾಲು ಭಾರತದ್ದು. ವಿಲಿಯಂ, ಹ್ಯಾರಿ ಅದನ್ನು ಪಡೆದರು, ಆದರೆ ಗಂಡಸರಾದ್ದರಿಂದ ಅವರ ಮಕ್ಕಳಿಗೆ ಅದು ಹೋಗಿಲ್ಲ. ಬಿಳಿಯರ ಕಾಗದಪತ್ರಗಳು ಮರೆಸಿಟ್ಟ ಇಂಥ ಹೆಂಗಸರು ವೈಟ್‌ಫೀಲ್ಡ್, ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಕುಟುಂಬಗಳ ಹಿಂದೆಯೂ ಇದ್ದಾರೆ. ಅವರ ಹೆಸರು ಸಿಗದಿದ್ದರೂ ಅವರಿದ್ದರೆಂಬ ಸಾಕ್ಷಿ ಮೊಮ್ಮಕ್ಕಳ ಮೈಯಲ್ಲಿದೆ ಎನ್ನುವುದು ನನಗೆ ಬಹಳ ದೊಡ್ಡ ಸಂಗತಿ.

ಒಂದು ಎಚ್ಚರಿಕೆ: ಮೈಟೊಕಾಂಡ್ರಿಯ ಬದಲಾಗುವುದು ಬಹಳ ನಿಧಾನ. ಇಬ್ಬರದು ಪೂರ್ತಿ ಹೊಂದಿದರೂ ಸಮಾನ ಅಜ್ಜಿ ಸಾವಿರಾರು ವರ್ಷ ಹಿಂದಿನವಳಿರಬಹುದು. ಹಾಗೆಯೇ ಒಂದೇ ಗೋತ್ರದವರೆಲ್ಲರ ವೈ ಒಂದೇ ಇರಲೇಬೇಕೆಂದೇನೂ ಇಲ್ಲ.

6. ಶೇಕಡಾವಾರು ಪುಟ

ಪೂರ್ವಜರು ಯಾವ ಪ್ರದೇಶದವರೆಂದು ಶೇಕಡಾ ಲೆಕ್ಕದಲ್ಲಿ ತೋರಿಸುವ ಪುಟ ಬಹುಪಾಲು ಕನ್ನಡಿಗರಿಗೆ ‘ದಕ್ಷಿಣ ಭಾರತ’ ಎಂದು ಹೇಳಿ ಮುಗಿಸುತ್ತದೆ. ಕಂಪನಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅದಕ್ಕೆ ಸಮಯ ಕೊಡಬೇಡಿ.

ಈ ಬಗೆಯ ವಿಶ್ಲೇಷಣೆಗೆ ನಿಜಕ್ಕೂ ತೂಕ ಬಂದದ್ದು ಉತ್ತರ ಕನ್ನಡದ ಸಿದ್ದಿಗಳ ವಿಷಯದಲ್ಲಿ. 2011ರಲ್ಲಿ ಸಿಸಿಎಂಬಿಯ ವಿಜ್ಞಾನಿಗಳು ಗುಜರಾತ್, ಕರ್ನಾಟಕಗಳ ಸಿದ್ದಿಗಳ ಡಿಎನ್‌ಎ ನೋಡಿ, ಅವರ ಪೂರ್ವಜರು ಆಫ್ರಿಕದ ಬಾಂಟು ಭಾಷಿಕರೆಂದೂ, ಇಲ್ಲಿನವರ ಜತೆಗೆ, ಬಹುಶಃ ಪೋರ್ಚುಗೀಸರ ಜತೆಗೂ ಬೆರಕೆಯಾಗಿದೆಯೆಂದೂ ಹೇಳಿದರು. ಖಂಡ ಸಿಕ್ಕಿತು, ಜನಸಮೂಹ ಸಿಕ್ಕಿತು. ಯಾವ ಹಳ್ಳಿಯಿಂದ ಯಾರನ್ನು ಹಡಗು ಹತ್ತಿಸಿದರು ಎಂಬುದು ಈ ವಿಧಾನಕ್ಕೆ ದಕ್ಕುವುದಿಲ್ಲ.

7. ಕಾಗದ ಹುಡುಕದೆ ಕಿಟ್ ತರಿಸಬೇಡಿ

ನಾಡಕಚೇರಿಯ ವಂಶವೃಕ್ಷ ದೃಢೀಕರಣ, ಪೌತಿ ಖಾತೆ ಮಾಡಿಸಿದಾಗಿನ ಕಾಗದ, ಹಳೆಯ ಪಾಲುಪಟ್ಟಿ, ಲಗ್ನಪತ್ರಿಕೆ, ಮುಯ್ಯಿ ಪುಸ್ತಕ. ಉತ್ತರ ಕರ್ನಾಟಕದ ಕುಲಕರ್ಣಿ ಮನೆತನಗಳಲ್ಲಿ ಮೋಡಿ ಲಿಪಿಯ ದಫ್ತರಗಳಿರುತ್ತವೆ. ಓದುವವರು ಕಡಿಮೆಯಾಗುತ್ತಿದ್ದಾರೆ, ಬೇಗ ಓದಿಸಿ. ಮಂಗಳೂರಿನ ಕ್ಯಾಥೊಲಿಕರಿಗೆ ಚರ್ಚಿನ ದೀಕ್ಷಾಸ್ನಾನದ ದಾಖಲೆಗಳಿವೆ. ಆದರೆ 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದು ಚರ್ಚುಗಳು ನೆಲಸಮವಾದ ಕಾಲದ ಹಿಂದಕ್ಕೆ ಹೋಗುವುದು ಕಷ್ಟ. ಅಂಥ ಕಡೆ ಗೋವಾದ ಕಡೆಯ ಹೊಂದಿಕೆಗಳು ನಿಜವಾಗಿ ಕೈಹಿಡಿಯುತ್ತವೆ.

ಹೆಳವರು ನಿಮ್ಮ ಊರಿಗೆ ಬರುತ್ತಾರೋ ವಿಚಾರಿಸಿ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು, ಅಂಗಳದಲ್ಲಿ ಕೂತು, ಮನೆತನದ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೇಳಿ ಕಾಳುಕಡಿ ಪಡೆದು ಹೋಗುವವರು. ಒಕ್ಕಲು ಮನೆಗಳ ಮೂಲಸ್ಥಳ, ವಲಸೆ, ಮನೆದೇವರು ಅವರ ಬಾಯಲ್ಲಿರುತ್ತದೆ. ನಾನು ಕೇಳಿದ ವಂಶಾವಳಿಗಳಲ್ಲಿ ಗಂಡುಮಕ್ಕಳ ಸಾಲೇ ಉದ್ದಕ್ಕೂ ಬರುತ್ತಿತ್ತು. ಡಿಎನ್‌ಎ ಹೊಂದಿಕೆಗಳಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳ ಮೂಲಕ ಬಂದಿರುತ್ತವೆ. ಹಾಗಾಗಿ ಮನೆಯ ಹೆಂಗಸರನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಬೇಕು: ನಿಮ್ಮ ತವರು ಯಾವುದು, ನಿಮ್ಮ ಅವ್ವನ ತವರು ಯಾವುದು, ಆಕೆಯ ಅಕ್ಕತಂಗಿಯರನ್ನು ಯಾವ ಊರಿಗೆ ಕೊಟ್ಟರು? ಗಂಡಸರ ಎದುರು ಬಾರದ ಹೆಸರುಗಳು ಅಡುಗೆಮನೆಯ ಮಾತಿನಲ್ಲಿ ಬರುತ್ತವೆ.

8. ಮುಚ್ಚಿಟ್ಟದ್ದು ಹೊರಗೆ ಬಂದಾಗ

ತಂದೆಯೆಂದು ತಿಳಿದವರು ತಂದೆಯಲ್ಲ, ಗೊತ್ತಿಲ್ಲದ ಅಣ್ಣನೊಬ್ಬನಿದ್ದಾನೆ: ಇಂಥ ಫಲಿತಾಂಶ ಬಂದ ದಿನ ನಾನು ಒಬ್ಬರಿಗೇ ಹೇಳುತ್ತೇನೆ, ಯಾರ ಮಾದರಿಯೋ ಅವರಿಗೆ. ಫೋನಿನಲ್ಲಿ ಹೇಳುವುದಿಲ್ಲ. ಮುಂದೆ ಯಾರಿಗೆ ತಿಳಿಸಬೇಕೆಂಬ ತೀರ್ಮಾನ ಅವರದು.

ಆಸ್ತಿ ವ್ಯಾಜ್ಯಕ್ಕೆ ಈ ವರದಿಯನ್ನು ಹಿಡಿದುಕೊಂಡು ಹೋಗುವವರಿಗೆ ನನ್ನ ಸಹಾಯವಿಲ್ಲ. ಮನೆಯಲ್ಲಿ ಉಗುಳಿ ಅಂಚೆಗೆ ಹಾಕಿದ ಕೊಳವೆಯಲ್ಲಿ ಯಾರ ಉಗುಳಿತ್ತೆಂದು ಯಾರೂ ಸಾಕ್ಷಿ ಹೇಳಲಾರರು. ನ್ಯಾಯಾಲಯಗಳೂ ಡಿಎನ್‌ಎ ಪರೀಕ್ಷೆಯನ್ನು ಸಲೀಸಾಗಿ ಆದೇಶಿಸುವುದಿಲ್ಲ. 1993ರ ಗೌತಮ್ ಕುಂಡು ಪ್ರಕರಣದಲ್ಲೇ ಸುಪ್ರೀಂ ಕೋರ್ಟ್, ಪಿತೃತ್ವ ತಿಳಿಯುವ ರಕ್ತಪರೀಕ್ಷೆಯನ್ನು ರೂಢಿಯ ಕ್ರಮವಾಗಿ ಆದೇಶಿಸಬಾರದೆಂದಿತ್ತು. ದಂಪತಿಯ ಜಗಳದಲ್ಲಿ ಮಗುವಿನ ಹುಟ್ಟನ್ನು ಪಣಕ್ಕಿಡಬಾರದೆಂಬ ನಿಲುವನ್ನು 2023ರ ಇನ್ನೊಂದು ತೀರ್ಪಿನಲ್ಲೂ ಎತ್ತಿಹಿಡಿಯಿತು. ಅದು ಸರಿಯಾದ ನಿಲುವು.

ದತ್ತು ಹೋದ ಮಕ್ಕಳ ವಿಷಯ ಬೇರೆ. ಇಲ್ಲಿ ಹುಟ್ಟಿ ಯುರೋಪು, ಅಮೆರಿಕಗಳಲ್ಲಿ ಬೆಳೆದವರು ಈಗ ನಡುವಯಸ್ಸಿನಲ್ಲಿ ತಾಯಿಯನ್ನು ಹುಡುಕುತ್ತಿದ್ದಾರೆ. ಆಶ್ರಮದ ದಾಖಲೆ ಸಿಗದವರಿಗೆ ಡಿಎನ್‌ಎಯೇ ಉಳಿದ ದಾರಿ. ಆದರೆ ಡೇಟಾಬೇಸುಗಳಲ್ಲಿರುವ ಭಾರತೀಯರು ಹೆಚ್ಚಾಗಿ ಹೊರದೇಶದಲ್ಲಿ ನೆಲೆಸಿದವರು, ಹಾಗಾಗಿ ಸಿಗುವುದು ಬಹುಮಟ್ಟಿಗೆ ದೂರದ ನೆಂಟರೇ. 2022ರ ದತ್ತು ನಿಯಮಾವಳಿ ಹದಿನೆಂಟು ದಾಟಿದ ದತ್ತುಮಕ್ಕಳಿಗೆ ತಾವೇ ಮೂಲ ಹುಡುಕುವ ಅವಕಾಶ ಕೊಟ್ಟಿದೆ, ಮೂರನೆಯವರು ಹುಡುಕುವುದನ್ನು ತಡೆದಿದೆ. ಅದರಲ್ಲಿ ಕಾರಣವಿದೆ. ಮದುವೆಗೆ ಮುಂಚೆ ಹೆತ್ತು ಮಗುವನ್ನು ಬಿಟ್ಟುಕೊಟ್ಟ ಹೆಣ್ಣು ಈಗ ಯಾವುದೋ ಊರಿನಲ್ಲಿ ಸೊಸೆಯರಿರುವ ಅತ್ತೆ. ಅವಳ ಮನೆ ಬಾಗಿಲಿಗೆ ಜೀಪಿನಲ್ಲಿ ಹೋಗಿ ಇಳಿಯುವ ಹಕ್ಕು ನನಗಿಲ್ಲ. ಹುಡುಕುವ ಮಗುವಿನ ಹಸಿವನ್ನು ಬಲ್ಲೆ, ಆ ತಾಯಿಯ ಭಯವನ್ನೂ ಬಲ್ಲೆ. ಎರಡರಲ್ಲಿ ಒಂದನ್ನು ಬಿಡು ಎಂದರೆ ನನ್ನಿಂದಾಗದು.

9. ಉಗುಳು ಒಬ್ಬರದು, ಉತ್ತರ ಮನೆಮಂದಿಯದು

ನೀವು ಪರೀಕ್ಷೆ ಮಾಡಿಸಿಕೊಂಡರೆ ನಿಮ್ಮ ತಮ್ಮ, ತಂಗಿ, ಸೋದರಮಾವ ಎಲ್ಲರ ಬಗ್ಗೆಯೂ ಅರ್ಧಂಬರ್ಧ ಹೇಳಿದಂತಾಯಿತು. 2018ರಲ್ಲಿ ಕ್ಯಾಲಿಫೋರ್ನಿಯದ ಪೊಲೀಸರು ದಶಕಗಳ ಹಿಂದಿನ ಕೊಲೆಗಾರನನ್ನು ಹಿಡಿದದ್ದು ಅವನ ದೂರದ ಸಂಬಂಧಿಗಳು ಜೆಡ್‌ಮ್ಯಾಚ್ ತಾಣಕ್ಕೆ ಹಾಕಿದ್ದ ಡಿಎನ್‌ಎಯಿಂದ. 2023ರ ಅಕ್ಟೋಬರಿನಲ್ಲಿ ಟ್ವೆಂಟಿತ್ರೀ ಆ್ಯಂಡ್ ಮಿ ಕಂಪನಿಯ ಮಾಹಿತಿ ಸೋರಿಕೆ ಹೊರಬಿತ್ತು. ಕಳ್ಳರು ಒಳಹೊಕ್ಕದ್ದು ಸುಮಾರು 14,000 ಖಾತೆಗಳಿಗೆ, ಬೇರೆಡೆ ಕದ್ದ ಪಾಸ್‌ವರ್ಡ್ ಬಳಸಿ. ನೆಂಟರ ಪಟ್ಟಿಯ ಮೂಲಕ ಮಾಹಿತಿ ಹೋದದ್ದು 69 ಲಕ್ಷ ಜನರದ್ದು. 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿ, ಸಂಗ್ರಹಿಸಿದ ಮಾಹಿತಿಯ ಸಮೇತ ಕೈಬದಲಾಯಿತು. ನಮ್ಮಲ್ಲಿ ಡಿಎನ್‌ಎಗೆಂದೇ ಸಿದ್ಧವಾಗಿದ್ದ ಮಸೂದೆಯನ್ನು ಸರ್ಕಾರ 2023ರಲ್ಲಿ ಹಿಂತೆಗೆದುಕೊಂಡಿತು.

ಆದ್ದರಿಂದ ಒಪ್ಪಿಗೆಯ ಪತ್ರವನ್ನು ಹಿರಿಯರಿಗೆ ಅವರ ಮಾತಿನಲ್ಲಿ ಓದಿ ಹೇಳಬೇಕು. "ಅಜ್ಜಿ, ಇಲ್ಲಿ ಉಗುಳಿ" ಎಂದು ಕೊಳವೆ ಕೈಗಿಡುವುದು ಒಪ್ಪಿಗೆಯಾಗುವುದಿಲ್ಲ. ಸಂಶೋಧನೆಗೆ ಕೊಡಬೇಕೆ, ಮಾದರಿಯನ್ನು ಉಳಿಸಿಡಬೇಕೆ, ನೆಂಟರಿಗೆ ಹೆಸರು ಕಾಣಬೇಕೆ ಎಂಬ ಮೂರಕ್ಕೂ ಬೇರೆಬೇರೆ ಉತ್ತರ ಕೇಳಿ ಬರೆದಿಡಿ. ಬೇಡವೆಂದರೆ ಬೇಡ. ಪರೀಕ್ಷೆಯ ಮೂಲ ಕಡತವನ್ನು ಇಳಿಸಿಕೊಂಡು ಮನೆಯಲ್ಲೂ ಒಂದು ಪ್ರತಿ ಇಡಿ. ದೊಡ್ಡಮ್ಮನ ಕಿಟ್ ಯಾವ ಇಮೇಲ್‌ನಲ್ಲಿದೆ, ಪಾಸ್‌ವರ್ಡ್ ಯಾರ ಹತ್ತಿರ, ಅವರ ನಂತರ ಆ ಖಾತೆಯನ್ನು ನಡೆಸುವವರು ಯಾರು, ಅಳಿಸುವುದಾದರೆ ಯಾರು ಅಳಿಸಬೇಕು ಎಂಬುದನ್ನು ಅವರು ಇರುವಾಗಲೇ ಅವರ ಬಾಯಿಂದ ಹೇಳಿಸಿ, ಅದೇ ದಿನದ ತಾರೀಖು ಹಾಕಿ ಸಹಿ ಪಡೆದಿಟ್ಟುಕೊಳ್ಳಿ.